ಸ್ಪ್ರಿಂಗ್ ಲೆಕ್ಕ ಮಾಡುವ ಮುಂಚೆ ಸೊನ್ನೆ ಎಲ್ಲಿ ಅಂತ ನೋಡಿ
ಪಿಯುಸಿ ಫಿಸಿಕ್ಸ್‌ನಲ್ಲಿ ಸ್ಪ್ರಿಂಗ್ ಲೆಕ್ಕ ಬಂದ ಕೂಡಲೇ ತುಂಬಾ ಜನ ನೇರವಾಗಿ ಫಾರ್ಮುಲಾಗೆ ಕೈ ಹಾಕುತ್ತಾರೆ. ಹಾಗೆ ಮಾಡಬೇಡಿ. ಮೊದಲು ಒಂದು ಚಿತ್ರ ಬರೆದು, ಗುಂಡು ಅಲ್ಲಾಡದೆ ಸುಮ್ನೆ ನಿಲ್ಲುವ ಜಾಗಕ್ಕೆ ಗುರುತು ಹಾಕಿ. ಅದೇ ನಿಮ್ಮ ಸೊನ್ನೆ. ದೂರ ಅಳೆಯೋದೆಲ್ಲ ಅಲ್ಲಿಂದ, ಸ್ಪ್ರಿಂಗ್ ಖಾಲಿ ಇದ್ದಾಗಿನ ತುದಿಯಿಂದ ಅಲ್ಲ.

ಒಂದು ಲೆಕ್ಕ ತಗೊಳ್ಳಿ. ನೇತುಹಾಕಿದ ಸ್ಪ್ರಿಂಗಿಗೆ 500 ಗ್ರಾಂ ಗುಂಡು ಸಿಕ್ಕಿಸಿದರೆ ಅದು 10 ಸೆಂ.ಮೀ. ಹಿಗ್ಗಿ ನಿಲ್ಲುತ್ತದೆ. ಅಲ್ಲಿಂದ ಇನ್ನೂ 5 ಸೆಂ.ಮೀ. ಕೆಳಗೆ ಎಳೆದು ಬಿಡುತ್ತೀರಿ.

ನಿಂತಿರುವಾಗ ಸ್ಪ್ರಿಂಗಿನ ಎಳೆತ ಮತ್ತು ಗುಂಡಿನ ತೂಕ ಸಮ. ಜಿ (ಗುರುತ್ವದ ವೇಗೋತ್ಕರ್ಷ) 10 ಅಂತ ಇಟ್ಟುಕೊಂಡರೆ ತೂಕ 5 ನ್ಯೂಟನ್, ಹಿಗ್ಗಿದ್ದು 0.1 ಮೀಟರ್, ಅಂದರೆ ಕೆ (ಸ್ಪ್ರಿಂಗ್ ಎಷ್ಟು ಬಿಗಿ ಅನ್ನುವ ಅಳತೆ, ಎಳೆತ ÷ ಹಿಗ್ಗು) = 50 ನ್ಯೂಟನ್/ಮೀಟರ್. ಗ್ರಾಂ, ಸೆಂ.ಮೀ.ಗಳನ್ನು ಇಲ್ಲೇ ಕಿಲೋ, ಮೀಟರ್ ಮಾಡಿಕೊಳ್ಳಿ. ಈಗ ಒಮೆಗಾ (ಗುಂಡು ಎಷ್ಟು ಬೇಗ ಮೇಲೆ ಕೆಳಗೆ ಆಡುತ್ತದೆ ಅನ್ನುವ ಅಳತೆ; ಎಂ ಅಂದರೆ ಗುಂಡಿನ ದ್ರವ್ಯರಾಶಿ) = √(ಕೆ/ಎಂ) = √(50/0.5) = 10 ರೇಡಿಯನ್/ಸೆಕೆಂಡ್. ಪಿರಿಯಡ್, ಅಂದರೆ ಒಂದು ಸಲ ಪೂರ್ತಿ ಹೋಗಿ ಬರುವ ಸಮಯ, 2ಪೈ/ಒಮೆಗಾ = 2ಪೈ/10, ಸುಮಾರು 0.63 ಸೆಕೆಂಡ್.

ಎಳೆದ 5 ಸೆಂ.ಮೀ. ಪಿರಿಯಡ್‌ನಲ್ಲಿ ಬರಲೇ ಇಲ್ಲ, ಗಮನಿಸಿದಿರಾ? ಜಾಸ್ತಿ ಎಳೆದರೆ ಹೋಗಬೇಕಾದ ದೂರ ಜಾಸ್ತಿ, ಆದರೆ ವೇಗವೂ ಅಷ್ಟೇ ಪಾಲು ಜಾಸ್ತಿ, ಹಾಗಾಗಿ ಸಮಯ ಬದಲಾಗಲ್ಲ. ಜಿ ಕೂಡ ಕೆ ಕಂಡುಹಿಡಿಯೋಕೆ ಮಾತ್ರ ಬೇಕಾಯಿತು. ಮೊದಲ 10 ಸೆಂ.ಮೀ. ಹಿಗ್ಗೇ ತೂಕವನ್ನು ಪೂರ್ತಿ ಹೊತ್ತಿದೆ, ಮಿಕ್ಕಿದ್ದು ಬರೀ ಸ್ಪ್ರಿಂಗಿನ ಆಟ. ಇದೇ ಗುಂಡು, ಇದೇ ಸ್ಪ್ರಿಂಗ್ ಚಂದ್ರನ ಮೇಲೆ ಇದ್ದರೂ ಪಿರಿಯಡ್ ಅದೇ.

ವೇಗ ಕೇಳಿದರೆ ಸೈನ್, ಕೊಸೈನ್ ಬೇಡ. ಶಕ್ತಿಯ ಲೆಕ್ಕದಿಂದ ಬರುವ ಒಮೆಗಾ × √(ಎ² − ಎಕ್ಸ್²) ಸಾಕು. ಎ ಅಂದರೆ ಆಂಪ್ಲಿಟ್ಯೂಡ್, ಸೊನ್ನೆಯಿಂದ ಎಳೆದು ಬಿಟ್ಟ ತುದಿಗಿರುವ ದೂರ, ಇಲ್ಲಿ 5 ಸೆಂ.ಮೀ.; ಎಕ್ಸ್ ಅಂದರೆ ಸೊನ್ನೆಯಿಂದ ಗುಂಡು ಈಗಿರುವ ದೂರ. ಸೊನ್ನೆಯಿಂದ 3 ಸೆಂ.ಮೀ. ದೂರದಲ್ಲಿ 10 × √(25 − 9) = 40 ಸೆಂ.ಮೀ./ಸೆಕೆಂಡ್. ಸೊನ್ನೆಯಲ್ಲಿ 50.

ಸಮಯ ಕೇಳಿದಾಗ ಮಾತ್ರ ಕೊಸೈನ್ ತನ್ನಿ, ಎಕ್ಸ್ = ಎ × ಕೊಸೈನ್(ಒಮೆಗಾ × ಸಮಯ), ಯಾಕೆಂದರೆ ಗುಂಡು ತುದಿಯಿಂದ ಹೊರಟಿದೆ. ಸೊನ್ನೆಯಿಂದ ತಳ್ಳಿ ಶುರುಮಾಡಿದ್ದರೆ ಸೈನ್. ತುದಿಯಿಂದ ಅರ್ಧ ದೂರಕ್ಕೆ, ಅಂದರೆ 2.5 ಸೆಂ.ಮೀ.ಗೆ ಬರಲು ಎಷ್ಟು ಹೊತ್ತು? ತುದಿಯಿಂದ ಸೊನ್ನೆಗೆ ಪಿರಿಯಡ್‌ನ ಕಾಲು ಭಾಗ ಬೇಕು, ಅದರ ಅರ್ಧ ಎಂಟನೇ ಒಂದು ಅಂತ ಬರೆದರೆ ಮಾರ್ಕ್ಸ್ ಹೋಯಿತು. ತುದಿಯ ಹತ್ತಿರ ಗುಂಡು ನಿಧಾನ ಅಲ್ವಾ? ಕೊಸೈನ್ ½ ಆಗೋದು 60 ಡಿಗ್ರಿಗೆ, ಪೂರ್ತಿ ಪಿರಿಯಡ್ 360 ಡಿಗ್ರಿ, ಅಂದರೆ ಪಿರಿಯಡ್‌ನ ಆರನೇ ಒಂದು, ಸುಮಾರು 0.105 ಸೆಕೆಂಡ್.

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಯೂ ಕೇಳುತ್ತಾರೆ: ಖಾಲಿ ಸ್ಪ್ರಿಂಗಿಗೆ ಗುಂಡು ಸಿಕ್ಕಿಸಿ ಹಾಗೇ ಕೈಬಿಟ್ಟರೆ ಎಷ್ಟು ಕೆಳಗೆ ಹೋಗುತ್ತದೆ? 10 ಸೆಂ.ಮೀ. ಅಲ್ಲ. ಸೊನ್ನೆ ಅಲ್ಲೇ ಇದೆ, ಗುಂಡು ಅದಕ್ಕಿಂತ 10 ಸೆಂ.ಮೀ. ಮೇಲಿನಿಂದ ಹೊರಟಿದೆ, ಹಾಗಾದರೆ ಆಂಪ್ಲಿಟ್ಯೂಡೇ 10, ಕೆಳಗೂ ಅಷ್ಟೇ ಹೋಗಬೇಕು. ಒಟ್ಟು 20 ಸೆಂ.ಮೀ. ತಾಳೆ ನೋಡಿ: ಅಲ್ಲಿ ಸ್ಪ್ರಿಂಗ್ ಎಳೆಯುವುದು 10 ನ್ಯೂಟನ್, ತೂಕ 5, ಉಳಿದ 5 ನ್ಯೂಟನ್ ಮೇಲಕ್ಕೆ. ಅದನ್ನು 0.5 ಕಿಲೋದಿಂದ ಭಾಗಿಸಿದರೆ ವೇಗೋತ್ಕರ್ಷ 10, ಒಮೆಗಾ² × ಎ ಹಾಕಿದರೂ 100 × 0.1, ಅದೇ 10.