ಕ್ರೈಸ್ತ ಮಾಧ್ಯಮದಲ್ಲಿ ಜೊತೆಗಿದ್ದವರ ಕೆಲಸ ಹೋದಾಗ ನಾವು ಏನು ಮಾಡಬೇಕು

ಸುದ್ದಿ ಕೇಳಿದ ಕೂಡಲೇ ವಾಟ್ಸಾಪ್‌ನಲ್ಲಿ ವಚನ ಕಳಿಸಬೇಡಿ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೇದಕ್ಕೇ ಅನ್ನುವ ರೋಮಾಪುರದವರಿಗೆ 8:28 ಸತ್ಯವೇ, ನಾನೂ ನಂಬುತ್ತೇನೆ, ಆದರೆ ಅದೇ ವಚನದ ಮೇಲೆ ಸ್ಕ್ರಿಪ್ಟ್ ಬರೆದು ರೆಕಾರ್ಡ್ ಮಾಡಿದವರು ಅವರು. ಫೋನ್ ಮಾಡಿ, ಆದರೆ ಅಷ್ಟಕ್ಕೇ ನಿಲ್ಲಿಸದೆ ಮನೆಗೇ ಹೋಗಿ. ಬೈಬಲಿನಲ್ಲಿ ಎಲ್ಲಾ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಬಾಯಿ ತೆರೆಯದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅಷ್ಟು ದಿನ ಅವರು ಒಳ್ಳೇ ಸ್ನೇಹಿತರೇ, ಬಾಯಿ ತೆರೆದು ಅವನನ್ನೇ ದೂರಿದ್ದು ಆಮೇಲೆ.

ಕೆಲಸ ಯಾಕೆ ಹೋಯಿತು ಅಂತ ಸರಿಯಾಗಿ ತಿಳಿದುಕೊಳ್ಳಿ. ನಮ್ಮ ಎಷ್ಟೋ ಸಂಸ್ಥೆಗಳು ಹೊರದೇಶದ ಕಾಣಿಕೆಯಿಂದ ನಡೆಯುತ್ತಿದ್ದವು. 2020ರಲ್ಲಿ ಹೊರದೇಶದ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನು ತಿದ್ದುಪಡಿಯಾಗಿ, ಆ ಹಣದಲ್ಲಿ ಆಡಳಿತ ಖರ್ಚಿಗೆ ಬಳಸಬಹುದಾದ ಪಾಲು ಶೇ. 50ರಿಂದ 20ಕ್ಕೆ ಇಳಿಯಿತು, ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣ ದಾಟಿಸುವುದೂ ನಿಂತಿತು. ಕೇಳುವವರೂ ರೇಡಿಯೋ ಬಿಟ್ಟು ಮೊಬೈಲಿಗೆ ಬಂದರು. ಅದಕ್ಕೂ ಮುಂಚೆ, 1970ರಿಂದ ಸೇಶೆಲ್ಸ್ ದ್ವೀಪದಿಂದ ಪ್ರಸಾರ ಮಾಡುತ್ತಿದ್ದ ಫೀಬಾ ಅನ್ನುವ ಕ್ರೈಸ್ತ ರೇಡಿಯೋ ಸಂಸ್ಥೆಯ, ದೂರದೇಶಗಳಿಗೆ ಕೇಳಿಸುವ ಶಾರ್ಟ್‌ವೇವ್ ಕೇಂದ್ರ 2003ರಲ್ಲೇ ಮುಚ್ಚಿತು. ಹಾಗಾಗಿ "ಪ್ರಾರ್ಥನೆ ಕಡಿಮೆ ಆಯಿತೇನೋ" ಅನ್ನುವ ಮಾತು ಬೇಡವೇ ಬೇಡ. 1 ಅರಸುಗಳು 17 ಓದಿ. ಪ್ರವಾದಿ ಎಲೀಯ ನೀರು ಕುಡಿಯುತ್ತಿದ್ದ ಕೆರೀತ್ ಹಳ್ಳ ಒಣಗಿದ್ದು ಅವನ ತಪ್ಪಿನಿಂದಲ್ಲ, ಮಳೆ ಇಲ್ಲದ್ದರಿಂದ. ಅವನನ್ನು ಅಲ್ಲಿಗೆ ಕಳಿಸಿದ್ದು ದೇವರೇ, ಆಮೇಲೆ ಒಂದು ಹಿಡಿ ಹಿಟ್ಟು ಮಾತ್ರ ಉಳಿದಿದ್ದ ವಿಧವೆಯ ಮನೆಗೆ ಊಟಕ್ಕೆ ಕಳಿಸಿದ್ದೂ ದೇವರೇ. ದೇವರು ನಡೆಸುತ್ತಾನೆ ಅಂತ ನಂಬುವವರು ಆ ಮನೆ ನಮ್ಮದೇ ಇರಬಹುದು ಅಂತಲೂ ಒಪ್ಪಬೇಕು, ಅಲ್ವಾ?

ಬೇರೆ ಕಡೆ ಕೆಲಸ ಹೋದರೆ ಸಂಬಳ ಹೋಗುತ್ತದೆ. ಇಲ್ಲಿ ಸಂಬಳದ ಜೊತೆ ಬೆಳಗಿನ ಪ್ರಾರ್ಥನಾ ಕೂಟ, ಸ್ನೇಹಿತರು, ಕೆಲವೊಮ್ಮೆ ಸಭೆಯೂ (ಅಂದರೆ ಚರ್ಚೂ) ಹೋಗುತ್ತದೆ, ಯಾಕೆಂದರೆ ಮ್ಯಾನೇಜರೂ ಅದೇ ಸಭೆಯ ಹಿರಿಯರಾಗಿರುತ್ತಾರೆ. "ದೇವರು ಕರೆದಿದ್ದ ಸೇವೆ ಇದು, ಈಗ ನಾನು ಯಾರು?" ಅಂತ ಒಳಗೇ ಕೊರಗುತ್ತಾರೆ. ಅದಕ್ಕೆ ಉತ್ತರ ಕೊಡಲು ಅವಸರ ಮಾಡಬೇಡಿ. ಅವರ ಕಾರ್ಯಕ್ರಮ ಕೇಳಿ ಯಾರಾದರೂ ಪತ್ರ ಬರೆದಿದ್ದರೆ, ಫೋನ್ ಮಾಡಿದ್ದರೆ ಅದನ್ನು ನೆನಪಿಸಿ. ಭಾನುವಾರ ಅವರ ಪಕ್ಕದಲ್ಲೇ ಕೂತುಕೊಳ್ಳಿ. ಪ್ರಾರ್ಥನೆ ಬಿನ್ನಹ ಅಂತ ಅವರ ವಿಷಯವನ್ನು ಗುಂಪಿಗೆ ಹಾಕುವ ಮುಂಚೆ ಅವರನ್ನು ಕೇಳಿ.

ಇನ್ನು ಕಾಗದದ ಕೆಲಸ. ನಮ್ಮಲ್ಲಿ ಅನುಭವ ಪತ್ರ ಅಂದರೆ "ನಂಬಿಗಸ್ತರು, ಒಳ್ಳೇ ಸಾಕ್ಷಿಯುಳ್ಳವರು" ಅಂತ ಬರೆದು ಮುಗಿಸುತ್ತಾರೆ. ಅದು ಸಾಲದು. ಸ್ಕ್ರಿಪ್ಟ್, ಧ್ವನಿ, ಎಡಿಟಿಂಗ್, ಅನುವಾದ, ಬಳಸಿದ ಸಾಫ್ಟ್‌ವೇರ್, ಎಲ್ಲಾ ಬರಬೇಕು. ಹಳೇ ಕಾರ್ಯಕ್ರಮದ ತುಣುಕುಗಳನ್ನು ಶೋರೀಲ್‌ಗೆ, ಅಂದರೆ ತಮ್ಮ ಕೆಲಸದ ಮಾದರಿ ತೋರಿಸುವ ವಿಡಿಯೋಗೆ, ಬಳಸಲು ಸಂಸ್ಥೆಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಕೊಡಿಸಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯಾ ನೋಡಿ. 5 ವರ್ಷ ತುಂಬಿದ್ದರೆ ಗ್ರಾಚ್ಯುಟಿ ಕೇಳಲು ಹೇಳಿ, ಲೆಕ್ಕ ಸುಮಾರಾಗಿ ವರ್ಷಕ್ಕೆ 15 ದಿನದ ಸಂಬಳ. ದೇವರ ಸೇವೆ ಮಾಡಿ ಹಣ ಕೇಳುವುದಾ ಅಂತ ಸಂಕೋಚಪಡುತ್ತಾರೆ. ಅದು ಅವರು ದುಡಿದದ್ದು. ಡಬ್ಬಿಂಗ್, ಆಡಿಯೋ ಪುಸ್ತಕ, ಸಬ್‌ಟೈಟಲ್, ಕನ್ನಡ ಸುದ್ದಿಮನೆ, ಇಲ್ಲೆಲ್ಲಾ ನಿಮಗೆ ಗೊತ್ತಿರುವವರಿಗೆ ನೀವೇ ಫೋನ್ ಮಾಡಿ.

ಹಣ ಕೊಡುವುದಾದರೆ ಕವರ್‌ನಲ್ಲಿ ಹಾಕಿ ಸುಮ್ನೆ ಕೊಟ್ಟು ಬನ್ನಿ.

ನಿಮಗೂ ಭಯ ಇರುತ್ತದೆ, ಮುಂದಿನ ಸರದಿ ನನ್ನದೇನೋ ಅಂತ. ಸಂಸ್ಥೆಯ ಮೇಲೆ ಸಿಟ್ಟೂ ಬರಬಹುದು. ಅದನ್ನು ಅವರ ಮುಂದೆ ಸುರಿಯಬೇಡಿ, ದೇವರ ಮುಂದೆ ಸುರಿಯಿರಿ. ಕೀರ್ತನೆ 13 "ಎಷ್ಟರ ತನಕ" ಅಂತಲೇ ಶುರುವಾಗುತ್ತದೆ. ಹಾಗೆ ಕೇಳುವುದು ಅಪನಂಬಿಕೆಯಲ್ಲ.

ಮೊದಲ ವಾರ ಎಲ್ಲರೂ ಫೋನ್ ಮಾಡುತ್ತಾರೆ. ಮೂರನೇ ತಿಂಗಳು, ಬಾಡಿಗೆ ಮತ್ತು ಮಕ್ಕಳ ಫೀಸ್ ಒಟ್ಟಿಗೆ ಬರುವ ಹೊತ್ತಿಗೆ, ಯಾರೂ ಮಾಡುವುದಿಲ್ಲ. ಆ ತಿಂಗಳ ಒಂದು ದಿನವನ್ನು ಈಗಲೇ ನಿಮ್ಮ ಮೊಬೈಲ್ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.