ಸುರತ್ಕಲ್‌ನಿಂದ ಊಟಿಗೆ ಕಾಡಿನ ದಾರಿಯಲ್ಲಿ: ಕಿಲೋಮೀಟರ್ ಬಿಡಿ, ಗೇಟ್ ಟೈಮ್ ನೋಡಿ

2024ರ ಡಿಸೆಂಬರ್ ರಜೆಯಲ್ಲಿ ನಾವು ಆರು ಜನ, ಅಂದ್ರೆ ನಾನು, ಹೆಂಡತಿ, ಇಬ್ರು ಮಕ್ಕಳು, ಅಮ್ಮ, ಮತ್ತೆ ಡ್ರೈವಿಂಗಿಗೆ ಅಂತ ಜೊತೆಗೆ ಬಂದ ಭಾವ, ಸುರತ್ಕಲ್‌ನಿಂದ ಸ್ವಂತ ಗಾಡಿಯಲ್ಲಿ ನಾಗರಹೊಳೆ, ಬಂಡೀಪುರ, ಮುದುಮಲೆ, ಊಟಿ ಅಂತ ಒಂದು ರೌಂಡ್ ಹೊಡೆದು ಬಂದೆವು. ಮ್ಯಾಪ್ ನೋಡಿ ಪ್ಲಾನ್ ಮಾಡಿದ್ದು ನಾನೇ, ಎಡವಿದ್ದೂ ನಾನೇ. ಯಾರಾದ್ರೂ ಹೋಗುವವರಿದ್ರೆ ಉಪಯೋಗ ಆಗ್ಬಹುದು ಅಂತ ಬರೀತಿದ್ದೇನೆ.

ಬೆಳಗ್ಗೆ ಐದಕ್ಕೆ ಬಿಟ್ಟದ್ದು. ಬನ್ಸ್ ಮತ್ತೆ ಚಟ್ನಿಪುಡಿ ಕಟ್ಟಿಕೊಂಡಿದ್ದೆವು, ಸುಳ್ಯ ದಾಟುವ ಮೊದಲೇ ಬನ್ಸ್ ಖಾಲಿ! ಸಂಪಾಜೆ ಘಾಟಿಯಲ್ಲಿ ಜೋಡುಪಾಲ ಬಂದಾಗ ಅಮ್ಮ ಎಂದಿನ ಹಾಗೆ 2018ರ ಆಗಸ್ಟಲ್ಲಿ ಗುಡ್ಡ ಜರಿದ ಕಥೆ ಶುರು ಮಾಡಿದ್ರು. ಮಡಿಕೇರಿಯಲ್ಲಿ ನಿಲ್ಲಲೇ ಇಲ್ಲ, ರಾಜಾಸೀಟ್ ಎಲ್ಲ ನಾವು ಹತ್ತು ಸಲ ನೋಡಿದ್ದು. ಗೋಣಿಕೊಪ್ಪದ ಮೇಲೆ ಇರ್ಪು ಫಾಲ್ಸ್‌ಗೆ ಹೋಗಿ, ಲಕ್ಷ್ಮಣತೀರ್ಥದ ನೀರಲ್ಲಿ ಮಕ್ಕಳನ್ನು ಕುಣಿಸಿ, ರಾತ್ರಿ ಕುಟ್ಟದ ಹತ್ರ ಒಂದು ಹೋಂಸ್ಟೇಯಲ್ಲಿ ಉಳಿದೆವು. ಕುಟ್ಟದಲ್ಲಿ ಯಾಕೆ ಅಂದ್ರೆ ನಾಗರಹೊಳೆಯ ನಾಣಚ್ಚಿ ಗೇಟ್ ಅಲ್ಲಿಂದ ಹತ್ರ, ಬೆಳಗ್ಗೆಯ ಸಫಾರಿಗೆ ನಿದ್ದೆಗಣ್ಣಲ್ಲಿ ದೂರ ಓಡಿಸ್ಬೇಕಾಗಿಲ್ಲ.

ಹುಲಿ ಸಿಗಲಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೇನೆ. ಜಿಂಕೆ, ಕಾಟಿ, ಮುಸುವ ಧಾರಾಳ. ಸಣ್ಣವನು "ಪಿಲಿಕುಳ ಝೂನಲ್ಲಾದ್ರೆ ಟಿಕೆಟ್ ಕೊಟ್ರೆ ಹುಲಿ ಗ್ಯಾರಂಟಿ" ಅಂತ ಗೊಣಗ್ತಾ ಇದ್ದ. ಅಷ್ಟರಲ್ಲಿ ಒಂದು ತಿರುವಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡಿದ್ರು. ಜಿಂಕೆಗಳೆಲ್ಲ ಒಂದೇ ಕಡೆಗೆ ಕಿವಿ ನೆಟ್ಟಗೆ ಮಾಡಿ ನಿಂತಿದ್ವು, ಒಂದು ಮುಂಗಾಲನ್ನು ನೆಲಕ್ಕೆ ಕುಟ್ತಾ ಇತ್ತು. ಲಂಟಾನದ ಪೊದೆಯಿಂದ ಒಂದೊಂದಾಗಿ ಏಳು ಸೀಳುನಾಯಿಗಳು ಹೊರಗೆ ಬಂದವು, ಕೆಂಪು ಮಣ್ಣಿನ ಬಣ್ಣದ ಮೈ, ಬಾಲದ ತುದಿ ಮಾತ್ರ ಕಪ್ಪು, ನಮ್ಮ ಕಡೆ ಒಂದು ಸಲವೂ ನೋಡದೆ ರಸ್ತೆ ದಾಟಿ ಹೋದವು. ಕೊನೆಯದ್ದು ಮಾತ್ರ ಗಾಡಿಯ ಟಯರ್ ಪಕ್ಕ ಎರಡು ಸೆಕೆಂಡ್ ನಿಂತು ಮೂಸಿತು. ಬೊಗಳುವುದಿಲ್ಲ ಅವು, ತೆಳ್ಳಗೆ ಸಿಳ್ಳೆ ಹಾಕಿದ ಹಾಗೆ ಕೂಗ್ತವೆ. ನನಗಂತೂ ಅಷ್ಟಕ್ಕೇ ದುಡ್ಡು ವಸೂಲಾಯ್ತು.

ಅಲ್ಲಿಂದ ಕಾಡಿನೊಳಗಿನ ರಸ್ತೆಯಲ್ಲೇ ಹುಣಸೂರು ಕಡೆ ಹೊರಗೆ ಬಂದೆವು. ಗೇಟಲ್ಲಿ ಟೈಮ್ ಬರೆದ ಚೀಟಿ ಕೊಡ್ತಾರೆ, ನಡುವೆ ಇಳಿದು ಸೆಲ್ಫಿ ಎಲ್ಲ ನಡೆಯುವುದಿಲ್ಲ. ಈ ರಸ್ತೆ ಸಂಜೆ ಆರಕ್ಕೆ ಬಂದ್. ಬಂಡೀಪುರದ ಹೈವೇ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂದ್, 2009ರಿಂದ ಹೀಗೆಯೇ, ರಾತ್ರಿ ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯ್ತಿದ್ವು ಅಂತ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಏನಾಯ್ತು ಅಂತ ಆಮೇಲೆ ಹೇಳ್ತೇನೆ.

ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೆ ಬಂದ್ರೆ ಹಂಪ್ ಮೇಲೆ ಹಂಪ್, ನಲ್ವತ್ತರ ಮೇಲೆ ಹೋಗ್ಲಿಕ್ಕೆ ಆಗುವುದಿಲ್ಲ, ಹೋಗಲೂ ಬಾರದು. ತಮಿಳುನಾಡು ಗಡಿ ದಾಟುವ ಮೊದಲು ಎರಡು ಕೆಲಸ ಮುಗಿಸಿಡಿ. ಒಂದು, ನೀಲಗಿರಿಗೆ ಇ-ಪಾಸ್: 2024ರ ಮೇಯಿಂದ ಮದ್ರಾಸ್ ಹೈಕೋರ್ಟ್ ಆರ್ಡರ್ ಪ್ರಕಾರ ಬೇಕೇ ಬೇಕು, ಆನ್‌ಲೈನಲ್ಲಿ ಗಾಡಿ ನಂಬರ್ ಹಾಕಿದ್ರೆ ಸಿಗ್ತದೆ. ಮನೆಯಲ್ಲೇ ಮಾಡಿ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಕಾಡಲ್ಲಿ ನೆಟ್‌ವರ್ಕ್ ಹುಡುಕ್ತಾ ಕೂರ್ಬೇಡಿ. ಎರಡು, ಪ್ಲಾಸ್ಟಿಕ್ ಬಾಟ್ಲಿ ಇದ್ರೆ ಇಳಿಸಿಬಿಡಿ, ಆಚೆಗೆ ಬಿಡುವುದಿಲ್ಲ. ನಮ್ಮ ಹಿಂದೆ ಎರಡು ಕೇಸ್ ನೀರಿನ ಬಾಟ್ಲಿ ಇತ್ತು, ಎಲ್ಲ ಅಲ್ಲೇ ಬಿಟ್ಟೆವು. ಅಮ್ಮನ ಸ್ಟೀಲ್ ತಂಬಿಗೆ ಒಂದೇ ಉಳಿದದ್ದು, "ನಾನು ಹೇಳಿರ್ಲಿಲ್ವಾ" ಅನ್ನುವುದನ್ನು ಅವರು ಊಟಿವರೆಗೂ ಬಿಡಲಿಲ್ಲ. ಊಟಿಯಲ್ಲಿ ವಾಟರ್ ಎಟಿಎಂ ಉಂಟು, ತೊಂದ್ರೆ ಇಲ್ಲ.

ಮುದುಮಲೆಯ ತೆಪ್ಪಕಾಡಿನ ಆನೆ ಶಿಬಿರದಲ್ಲಿ ಸಂಜೆ ಮಾವುತರು ಕೊಡುವ ರಾಗಿ ಮುದ್ದೆಯ ಸೈಜ್ ನೋಡಿ ಮಕ್ಕಳಿಗೆ ಕುಶಿಯೋ ಕುಶಿ. ಮಸಿನಗುಡಿಯಲ್ಲಿ ಮಲಗಿ ಬೆಳಗ್ಗೆ ಕಲ್ಲಟ್ಟಿ ಘಾಟ್ ಹತ್ತಿದೆವು, 36 ಹೇರ್‌ಪಿನ್, ಪ್ರತಿಯೊಂದಕ್ಕೂ ನಂಬರ್ ಬೋರ್ಡ್. ಚಾರ್ಮಾಡಿ, ಆಗುಂಬೆಯಲ್ಲಿ ಕೈ ಪಳಗಿದ ಭಾವನೇ ಒಂದನೇ ಗೇರಿಗೆ ಇಳಿದು "ಎಂತ ಏರು ಮಾರಾಯ" ಅಂದ. ಹೊರಗಿನ ಗಾಡಿಗಳು ಇದರಲ್ಲಿ ಹತ್ತಬಹುದು, ಇಳಿಯಲು ಬಿಡುವುದಿಲ್ಲ, ಬ್ರೇಕ್ ಸುಟ್ಟು ಆ್ಯಕ್ಸಿಡೆಂಟ್ ಆಗ್ತದೆ ಅಂತ. ಹಾಗಾಗಿ ವಾಪಸ್ ಬರುವಾಗ ಗೂಡಲೂರು ಸುತ್ತಿಯೇ ಬರ್ಬೇಕು. ಇದು ನೆನಪಿಟ್ಕೊಳ್ಳಿ.

ಊಟಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಗಾಡಿ ಗ್ಲಾಸ್ ಮೇಲೆ ಬಿಳಿ ಹಿಮ, ಮಂಗಳೂರಿನ ಸೆಕೆಯವರಿಗೆ ಅದೇ ದೊಡ್ಡ ಶೋ. 1908ರಲ್ಲಿ ಊಟಿ ಮುಟ್ಟಿದ ರೈಲಲ್ಲಿ ಕೂನೂರಿಗೆ ಹೋಗಿ ಬಂದೆವು. ನನಗೆ ಇಷ್ಟ ಆದದ್ದು ಬೇರೆ. ರಸ್ತೆ ಬದಿ ಎಲೆ ಸಮೇತ ಕ್ಯಾರೆಟ್ ಮಾರ್ತಿದ್ದ ಒಬ್ಬರು ಬಡಗ ಅಜ್ಜಿ ಜೊತೆ ಅಮ್ಮ ಕನ್ನಡದಲ್ಲಿ ಚೌಕಾಸಿಗೆ ಇಳಿದ್ರು, ಅಜ್ಜಿ ಬಡಗ ಭಾಷೆಯಲ್ಲಿ ಉತ್ತರ ಕೊಟ್ರು, ಅರ್ಧಕ್ಕರ್ಧ ಇಬ್ರಿಗೂ ತಿಳೀತಿತ್ತು! ಬಡಗ ಅಂದ್ರೆ ಉತ್ತರದವರು, ಮೈಸೂರು ಕಡೆಯಿಂದ ಬೆಟ್ಟ ಹತ್ತಿದವರು ಅಂತ. ನಮ್ಮ ಯಕ್ಷಗಾನದ ಬಡಗುತಿಟ್ಟಿನ ಬಡಗು ಅದೇ ಅಲ್ವಾ ಅಂತ ನಾನು ಹೇಳಿದ್ರೆ ಕೇಳುವವರಿಲ್ಲ, ಅಮ್ಮ ಐದು ಕಿಲೋ ತೂಗಿಸ್ತಿದ್ರು.

ಈ ಕ್ಯಾರೆಟ್, ಮತ್ತೆ ಚಾಕ್ಲೇಟ್ ಅಂಗಡಿ, ಮತ್ತೆ ಊಟಿಯ ಟ್ರಾಫಿಕ್, ಎಲ್ಲ ಸೇರಿ ನಾಲ್ಕು ಗಂಟೆಗೆ ಬಿಡಬೇಕಾದವರು ಆರಕ್ಕೆ ಬಿಟ್ಟೆವು. ಮ್ಯಾಪ್ ನೋಡಿದ್ರೆ ಆರಾಮ ತೋರಿಸ್ತಿತ್ತು. ಘಾಟಲ್ಲಿ ಮಂಜು ಇಳಿದು ಮುಂದಿನ ಲಾರಿಯ ಲೈಟ್ ಬಿಟ್ರೆ ಎಂತದ್ದೂ ಕಾಣ್ಲಿಲ್ಲ, ದೊಡ್ಡವಳಿಗೆ ಎರಡು ಸಲ ವಾಂತಿ, ಗೂಡಲೂರಲ್ಲಿ ಹತ್ತು ನಿಮಿಷದ ಊಟ ಅಂತ ಹೊಕ್ಕು ನಲ್ವತ್ತು ನಿಮಿಷ. ಬಂಡೀಪುರದ ಹೈವೇಗೆ ಊಟಿ ಕಡೆಯ ಗೇಟ್ ಅಂದ್ರೆ ತೊರಪಳ್ಳಿ ಚೆಕ್‌ಪೋಸ್ಟ್, ಅದನ್ನು ಮುಟ್ಟುವಾಗ 9:10. ಕಂಬ ಅಡ್ಡ ಬಿದ್ದಾಗಿತ್ತು. ಭಾವ ಇಳಿದು ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ ಅಂತೆಲ್ಲ ಕೇಳಿನೋಡಿದ, ಗೇಟಿನವರು ಕೈಯಲ್ಲಿದ್ದ ಟಾರ್ಚನ್ನು ವಾಚಿಗೆ ಹಿಡಿದು ತೋರಿಸಿದ್ರು, ಅಷ್ಟೆ. ನಿಜ ಹೇಳ್ಬೇಕಂದ್ರೆ ಸಿಟ್ಟು ಬಂತು, ಆದ್ರೆ ಎರಡು ದಿನ ಮೊದಲು ಸೀಳುನಾಯಿ ದಾಟಿದ ರಸ್ತೆಯ ಫೋಟೋ ಸ್ಟೇಟಸ್ ಹಾಕಿದವನು ಯಾವ ಬಾಯಲ್ಲಿ ಜಗಳ ಮಾಡ್ಲಿ?

ವಾಪಸ್ ಗೂಡಲೂರಿಗೆ ಹೋಗಿ ಎರಡನೇ ಲಾಡ್ಜಲ್ಲಿ ಒಂದು ರೂಮ್ ಸಿಕ್ಕಿತು, ಆರು ಜನಕ್ಕೆ ಮೂರು ಬೆಡ್‌ಶೀಟ್. ನೀವು ಇದೇ ದಾರಿ ಹಿಡಿದ್ರೆ ಊಟಿಯನ್ನು ಮಧ್ಯಾಹ್ನ ಮೂರರ ಒಳಗೆ ಬಿಡಿ, ಇಲ್ಲದಿದ್ರೆ ಆ ರಾತ್ರಿಗೆ ಗೂಡಲೂರಲ್ಲಿ ಮೊದಲೇ ರೂಮ್ ಮಾಡಿ.

ಬೆಳಗ್ಗೆ ಆರಕ್ಕೆ ಕಂಬ ಎತ್ತುವಾಗ ತರಕಾರಿ ಲಾರಿಗಳ ಸಾಲಲ್ಲಿ ನಮ್ಮದು ಏಳನೆಯದ್ದು. ಗುಂಡ್ಲುಪೇಟೆಯಲ್ಲಿ ಇಡ್ಲಿ, ಮೈಸೂರು ಬೈಪಾಸ್, ಕುಶಾಲನಗರ, ಸಂಜೆಗೆ ಸುಳ್ಯ. ಅಷ್ಟು ಹೊತ್ತಿಗೆ ಕ್ಯಾರೆಟ್ ಎಲೆ ಎಲ್ಲ ಬಾಡಿಹೋಗಿತ್ತು, ಅಮ್ಮ ಮಾತ್ರ ಎಸೆಯಲು ಬಿಡಲಿಲ್ಲ.