ಮಲೆನಾಡಿನ ತೇವದಲ್ಲಿ ಹಳೆಯ ಮಿನಿಯೇಚರ್‌ಗಳಿಗೆ ಮತ್ತೆ ಬಣ್ಣ

ಅಟ್ಟದ ಪೆಟ್ಟಿಗೆಯಿಂದ ಇಳಿಸಿದ್ದು 28 ಮಿ.ಮೀ. ಅಳತೆಯ 24 ಮಿನಿಯೇಚರ್ ಗೊಂಬೆಗಳು: 15 ಪ್ಲಾಸ್ಟಿಕ್‌ನವು, 9 ಲೋಹದವು. ಕೆಲವಕ್ಕೆ ಮೂಗು ಕಣ್ಣು ಮುಚ್ಚುವಷ್ಟು ದಪ್ಪ ಬಣ್ಣ, ಕೆಲವು ಪ್ರೈಮರ್‌ನಲ್ಲೇ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಕೋಟು) ನಿಂತಿದ್ದವು, ಏಳೆಂಟರ ಕೈ ಕಳಚಿತ್ತು. ಸುತ್ತಿಟ್ಟಿದ್ದ ಸ್ಪಂಜು ಅಂಟಂಟಾಗಿ ಪುಡಿಯಾಗಿತ್ತು. ಪಾಲಿಯುರೆಥೇನ್ ಸ್ಪಂಜು ವರ್ಷಗಟ್ಟಲೆ ತೇವದಲ್ಲಿದ್ದರೆ ಹೀಗೇ ಆಗುತ್ತದೆ. ಚಿಕ್ಕಮಗಳೂರಿನಲ್ಲಿ ಈ ಕೆಲಸಕ್ಕೆ ಕೂರುವವರು ಬಣ್ಣದ ಲೆಕ್ಕಕ್ಕೆ ಮೊದಲು ಹವೆಯ ಲೆಕ್ಕ ಹಾಕಬೇಕು. ನಾನು ಮಾಡಿಕೊಂಡ ವ್ಯವಸ್ಥೆ ಇಷ್ಟೇ: ಹಳೆಯ ಬಣ್ಣ ತೆಗೆಯುವುದು, ಅಂಟಿಸುವುದು, ಬ್ರಶ್ ಕೆಲಸ ಮಳೆಗಾಲದಲ್ಲಿ, ಸ್ಪ್ರೇ ಮಾತ್ರ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅದೂ ಇಬ್ಬನಿ ಪೂರ್ತಿ ಆರಿದ ಮೇಲೆ, ಹನ್ನೊಂದರಿಂದ ಮೂರರೊಳಗೆ.

ಮೊದಲು ಲೋಹದವನ್ನೂ ಪ್ಲಾಸ್ಟಿಕ್‌ನವನ್ನೂ ಬೇರೆ ಮಾಡಿ. ಇದರಲ್ಲಿ ತಪ್ಪಿದರೆ ಗೊಂಬೆಯೇ ಹೋಗುತ್ತದೆ. ಅಸಿಟೋನ್, ಎನ್‌ಸಿ ತಿನ್ನರ್ ಲೋಹಕ್ಕೆ ಏನೂ ಮಾಡುವುದಿಲ್ಲ. ಪ್ಲಾಸ್ಟಿಕ್ ಅನ್ನು ಕರಗಿಸುತ್ತವೆ. ಪ್ಲಾಸ್ಟಿಕ್‌ಗೆ ನಾನು ಬಳಸಿದ್ದು 99% ಐಸೊಪ್ರೊಪೈಲ್ ಆಲ್ಕೋಹಾಲ್. ಮುಚ್ಚಳ ಇರುವ ಗಾಜಿನ ಬಾಟಲಿಯಲ್ಲಿ ಎರಡು ಗಂಟೆ ನೆನೆಸಿ, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿದರೆ ಅಕ್ರಿಲಿಕ್ ಸಿಪ್ಪೆಯಂತೆ ಏಳುತ್ತದೆ. ಸಂದಿನಲ್ಲಿ ಉಳಿದದ್ದಕ್ಕೆ ಇನ್ನೊಂದು ಸಲ ನೆನೆಸುವುದು. ಸೂಜಿಯಿಂದ ಕೆರೆದರೆ ಮುಖದ ಕೆತ್ತನೆ ಹಾಳಾಗುತ್ತದೆ. ರೆಸಿನ್ ಗೊಂಬೆಯಾದರೆ ಅಷ್ಟು ಹೊತ್ತು ಬಿಡಬಾರದು, ಮೆತ್ತಗಾಗಬಹುದು. ಈ ದ್ರವ ಬೇಗ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ಒಲೆಯಿಂದ ದೂರವಿರಲಿ, ಕೈಗೆ ನೈಟ್ರೈಲ್ ಗ್ಲೌಸ್ ಇರಲಿ.

ಡೆಟಾಲ್ ಕೂಡ ಬಣ್ಣ ತೆಗೆಯುತ್ತದೆ. ಆದರೆ ಡೆಟಾಲ್‌ನಿಂದ ತೆಗೆದ ಗೊಂಬೆಯನ್ನು ನೇರವಾಗಿ ನಲ್ಲಿಯ ಕೆಳಗೆ ಹಿಡಿದರೆ ಸಡಿಲವಾದ ಬಣ್ಣ ನೀರು ಸೋಕಿದೊಡನೆ ಹಲಸಿನ ಮೇಣದಂತೆ ಮತ್ತೆ ಅಂಟಿಕೊಳ್ಳುತ್ತದೆ. ಮೊದಲು ಹೊಸ ಡೆಟಾಲ್‌ನಲ್ಲೇ ಉಜ್ಜಿ ತೊಳೆದು, ಆಮೇಲೆ ಸೋಪು ನೀರು.

ಲೋಹದ ಗೊಂಬೆಗಳಲ್ಲಿ ಎರಡರ ಮೇಲೆ ಬೂದುಬಿಳಿ ಪುಡಿ ಎದ್ದಿತ್ತು. 1990ರ ದಶಕಕ್ಕೆ ಮೊದಲಿನ ಎರಕದಲ್ಲಿ ಸೀಸ ಇರುವುದು ಸಾಮಾನ್ಯ. ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಮರ ಬಿಡುವ ಅಸಿಟಿಕ್ ಆಮ್ಲದ ಆವಿಗೆ ತೇವವೂ ಸೇರಿದರೆ ಸೀಸ ಹೀಗೆ ತಿಂದುಹೋಗುತ್ತದೆ. ಇಂಥದ್ದನ್ನು ಒಣದಾಗಿ ಉಜ್ಜಲೇಬಾರದು, ಆ ಪುಡಿ ವಿಷ. ಒದ್ದೆ ಬ್ರಶ್‌ನಿಂದ ತೆಗೆದು, ತೊಳೆದು, ಪೂರ್ತಿ ಒಣಗಿಸಿ, ಅದೇ ದಿನ ಪ್ರೈಮರ್ ಹಚ್ಚಿ. ಕೈ ತೊಳೆಯದೆ ಊಟಕ್ಕೆ ಏಳಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಸೊಟ್ಟಗೆ ಅಂಟಿಸಿದ ಕೈಗಳನ್ನು ಬಿಡಿಸಲು ಗೊಂಬೆಯನ್ನು ಫ್ರೀಜರ್‌ನಲ್ಲಿ ಎರಡು ಗಂಟೆ ಇಟ್ಟೆ. ಫೆವಿಕ್ವಿಕ್ ಜಾತಿಯ ಅಂಟು ತಣ್ಣಗಾದರೆ ಪೆಡಸಾಗಿ, ಹಗುರಾಗಿ ತಿರುಚಿದಾಗ ಪಟ್ಟನೆ ಬಿಡುತ್ತದೆ. ಮತ್ತೆ ಜೋಡಿಸುವಾಗ ಲೋಹದ ಕೈಗೆ ಬರೀ ಅಂಟು ಸಾಲದು: 1 ಮಿ.ಮೀ. ಕೈಡ್ರಿಲ್‌ನಿಂದ ಎರಡೂ ಕಡೆ 3 ಮಿ.ಮೀ. ಆಳ ಕೊರೆದು, ಪೇಪರ್‌ಕ್ಲಿಪ್ ತಂತಿಯ ತುಂಡು ಸೇರಿಸಿ ಅಂಟಿಸಿದೆ. ಒಂದು ಕಡೆಯ ರಂಧ್ರಕ್ಕೆ ಹಸಿ ಬಣ್ಣದ ಚುಕ್ಕೆ ಇಟ್ಟು ಇನ್ನೊಂದನ್ನು ಒತ್ತಿದರೆ ಎಲ್ಲಿ ಕೊರೆಯಬೇಕೆಂದು ಗುರುತು ಬೀಳುತ್ತದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಸಿಮೆಂಟ್ ಸಾಕು, ಅದು ಎರಡೂ ಮೈಯನ್ನು ಕರಗಿಸಿ ಬೆಸೆಯುತ್ತದೆ.

ಪ್ರೈಮರ್ ಸ್ಪ್ರೇ ಮಾಡಲು ತೇವಮಾಪಕದಲ್ಲಿ 65%ಕ್ಕಿಂತ ಕಡಿಮೆ ಇರಬೇಕೆಂಬುದು ನನ್ನ ನಿಯಮ. ಡಬ್ಬಿಯನ್ನು ಎರಡು ನಿಮಿಷ ಕುಲುಕಿ, 25 ಸೆಂ.ಮೀ. ದೂರದಿಂದ ಬೀಸಿ ಬೀಸಿ ಹೊಡೆಯಬೇಕು. ತೀರಾ ದೂರವಾದರೆ ಬಣ್ಣ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ತೇವ ಹೆಚ್ಚಿದ್ದರೆ ಮೇಲ್ಮೈ ಸುಣ್ಣ ಬಳಿದಂತೆ ಮಸುಕಾಗುತ್ತದೆ. ಜುಲೈನಲ್ಲಿ ಮಾಡಲೇಬೇಕಿದ್ದ ಆರು ಗೊಂಬೆಗಳಿಗೆ ಬ್ರಶ್‌ನಿಂದ ಹಚ್ಚುವ ಪ್ರೈಮರ್ ಬಳಸಿ 24 ಗಂಟೆ ಬಿಟ್ಟೆ. ಫಲಿತಾಂಶದಲ್ಲಿ ಯಾವ ಕೊರತೆಯೂ ಇಲ್ಲ.

ಕಪ್ಪು ಪ್ರೈಮರ್ ಮೊದಲು, ಅದು ಒಣಗಿದ ಮೇಲೆ ನೆತ್ತಿಯ ಕಡೆಯಿಂದ ಮಾತ್ರ ಬಿಳಿ. ಬೇಲೂರಿನ ಮದನಿಕೆಯರನ್ನು ಗಮನಿಸಿ ನೋಡಿದವರಿಗೆ ಕಾರಣ ಹೊಳೆಯುತ್ತದೆ. ಬಳಪದ ಕಲ್ಲಿಗೆ ಇರುವುದು ಒಂದೇ ಬಣ್ಣ, ಆದರೂ ಹಾರದ ಒಂದೊಂದು ಮಣಿಯೂ ಬೇರೆಯಾಗಿ ಕಾಣುತ್ತದೆ. ಆಳವಾಗಿ ಕೊರೆದ ಸಂದಿನಲ್ಲಿ ನೆರಳು ನಿಲ್ಲುತ್ತದೆ. ನಮ್ಮ ಗೊಂಬೆಯಲ್ಲಿ ಸಂದಿನ ಆಳ ಅರ್ಧ ಮಿ.ಮೀ. ಕೂಡ ಇಲ್ಲ. ಅಲ್ಲಿ ನೆರಳು ತಾನಾಗಿ ನಿಲ್ಲದು, ಬಣ್ಣದಿಂದಲೇ ಹಾಕಬೇಕು.

ಹಳೆಯ ಬಣ್ಣದ ಡಬ್ಬಿಗಳಲ್ಲಿ ಗಟ್ಟಿಯಾದದ್ದಕ್ಕೆ ನಾಲ್ಕೈದು ಹನಿ ಡಿಸ್ಟಿಲ್ಡ್ ವಾಟರ್ ಹಾಕಿ ಒಂದು ರಾತ್ರಿ ಬಿಟ್ಟು ಕಲಕಿ ನೋಡಿ. ಇನ್ವರ್ಟರ್ ಬ್ಯಾಟರಿಗೆ ಹಾಕುವುದೇ ಸಾಕು. ರಬ್ಬರ್ ಆಗಿದ್ದರೆ ಎಸೆಯಿರಿ, ಒಮ್ಮೆ ಬೆಸೆದುಕೊಂಡ ಅಕ್ರಿಲಿಕ್ ಮತ್ತೆ ನೀರಿನಲ್ಲಿ ಬಿಡುವುದಿಲ್ಲ. ಬಣ್ಣ ತೆಳು ಹಾಲಿನಷ್ಟಿರಲಿ: ಮಾಡೆಲ್ ಬಣ್ಣಕ್ಕೆ (ಇಂಥ ಗೊಂಬೆಗಳಿಗೆಂದೇ ಮಾಡಿದ ಅಕ್ರಿಲಿಕ್) ಸರಿಸಮ ನೀರು, ಎರಡು ಕೋಟು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಕ್ರಾಫ್ಟ್ ಅಕ್ರಿಲಿಕ್ ದಪ್ಪ. ಅದಕ್ಕೆ ನೀರನ್ನೇ ಸುರಿದರೆ ಹಿಡಿತ ಬಿಟ್ಟು ಚುಕ್ಕೆಚುಕ್ಕೆಯಾಗುತ್ತದೆ, ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ದ್ರವ) ಬೆರೆಸಬೇಕು. ಹಳದಿಗೆ ಮಾತ್ರ ಕೆಳಗೆ ಮಣ್ಣಿನ ಬಣ್ಣದ ಕೋಟು ಬೇಕು, ಕಪ್ಪಿನ ಮೇಲೆ ಐದು ಸಲ ಹಚ್ಚಿದರೂ ಅದು ಮೂಡುವುದಿಲ್ಲ.

ತೆಳು ಕಂದು ವಾಶ್ (ಸಂದಿಗೆ ಹರಿದು ನೆರಳು ಕೊಡುವ ನೀರುಬಣ್ಣ) ಹಾಕಿದಾಗ ಸಮತಟ್ಟು ಜಾಗದಲ್ಲಿ ನಿಂತ ಹನಿಯನ್ನು ಒಣ ಬ್ರಶ್‌ನಿಂದ ತಕ್ಷಣ ಹೀರಿಬಿಡಿ. ಬಿಟ್ಟರೆ ಕಾಫಿ ಲೋಟದ ಅಡಿಯಲ್ಲಿ ಬೀಳುವ ಉಂಗುರದಂಥ ಕಲೆ ಉಳಿಯುತ್ತದೆ. ಎರಡಕ್ಕೂ ಕಾರಣ ಒಂದೇ: ಹನಿಯ ಅಂಚು ಬೇಗ ಒಣಗಿ, ನಡುವಿನ ಕಣಗಳನ್ನು ಅಂಚಿಗೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ವಾಶ್ ಒಣಗಲು ಗಂಟೆ ಹಿಡಿಯುತ್ತದೆ. ಅರೆ ಒಣಗಿದ್ದನ್ನು ಮುಟ್ಟಿದರೆ ಕಿತ್ತು ಬರುತ್ತದೆ.

ವಾರ್ನಿಶ್ ಬ್ರಶ್‌ನಿಂದಲೇ: ಮೊದಲು ಗ್ಲಾಸ್ (ಹೊಳಪಿನದು), ಮರುದಿನ ಮ್ಯಾಟ್ (ಹೊಳಪಿಲ್ಲದ್ದು). ಮ್ಯಾಟ್ ಪುಡಿ ಬಾಟಲಿಯ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಕುಲುಕದಿದ್ದರೆ ಮೊದಮೊದಲು ಹೊಳಪು, ತಳ ಮುಟ್ಟಿದಾಗ ಬಿಳಿ ಪೊರೆ. ಪೊರೆ ಬಂದರೆ ಅದರ ಮೇಲೆ ಒಂದು ಕೋಟು ಗ್ಲಾಸ್ ಹಚ್ಚಿ, ಬಹುಮಟ್ಟಿಗೆ ಮಾಯವಾಗುತ್ತದೆ.

ಗೊಂಬೆ ನಿಲ್ಲುವ ತಳಕ್ಕೆ ಟೀ ಜರಡಿಯಲ್ಲಿ ಸೋಸಿದ ಹೊಳೆಮರಳು, ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು. ಕಾಫಿ ಗಸಿ ಕಾಡಿನ ಮಣ್ಣಿನಂತೆ ಬಲು ಚೆನ್ನಾಗಿ ಕಾಣುತ್ತದೆ, ನಮ್ಮಲ್ಲಿ ಅದಕ್ಕೆ ಬರವೂ ಇಲ್ಲ. ಆದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಗರಿಗರಿಯಾಗುವವರೆಗೆ ಹುರಿಯದೆ ಹಾಕಿದರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಹುರಿದು ಹಾಕಿದ ಮೇಲೂ ತೆಳು ಫೆವಿಕಾಲ್‌ನ ಒಂದು ಕೋಟು ಕೊಟ್ಟು, ಗೊಂಬೆಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಆ ಪೊಟ್ಟಣವನ್ನು ತಿಂಗಳಿಗೊಮ್ಮೆ ಬದಲಿಸುತ್ತೇನೆ.